ಅಳಿಸಿದ ತೂಕ

ನನ್ನ ಕಪಾಟಿನಲ್ಲಿ ಮೀನಿಲ್ಲ, ಮಂಜುಗಡ್ಡೆಯಿಲ್ಲ,
ತಕ್ಕಡಿಯೂ ಇಲ್ಲ.
ಇರುವುದು ಇಷ್ಟೆ: ಯಾರನ್ನು ಏನು ಕೇಳಬಹುದು,
ಕೇಳಿದರೆ ಯಾವ ಆಕಾರದ ಉತ್ತರ ಬರುತ್ತದೆ,
ಬಾರದಿದ್ದರೆ ಯಾವ ಹೆಸರಿನ ತಪ್ಪು.
ಹೇಗೆ ತೂಗುತ್ತಾರೆ ಎಂದು ಕೇಳಬೇಡಿ,
ಅದನ್ನು ಇಲ್ಲಿ ಬರೆದಿಲ್ಲ. ಬರೆಯಬಾರದು.

ಕಾಸರಗೋಡಿನ ಹೊಸ ಬಸ್ ಸ್ಟ್ಯಾಂಡಿನ ಹಿಂದೆ
ಮೀನುಗಾರರ ಒಕ್ಕೂಟದ ಎರಡನೇ ಮಾಳಿಗೆ,
ಒಂದು ಎ.ಸಿ., ಎರಡು ಸರ್ವರ್, ನಾನು.
ಹುದ್ದೆಯ ಹೆಸರು ಉದ್ದ; ಮನೆಯಲ್ಲಿ
'ಕಂಪ್ಯೂಟರ್ ಆಫೀಸು' ಅಂದರೆ ಮುಗಿಯಿತು.
ಮಂಜೇಶ್ವರದ ಐಸ್ ಪ್ಲಾಂಟಿನ ಪ್ರೋಗ್ರಾಮು ಒಂದು ಭಾಷೆಯದು,
ಕಡಪ್ಪುರದ ತೂಕದ ಕಟ್ಟೆಯದು ಇನ್ನೊಂದು,
ಬ್ಯಾಂಕಿನದು, ಈಗ ಯಾರಿಗೂ ಬಾರದ ಒಂದು ಮುದಿ ಭಾಷೆ.
ಒಬ್ಬರ ಮುಖ ಒಬ್ಬರು ಕಂಡವರಲ್ಲ.
ಮಾತಾಡುವ ಮೊದಲು ಎಲ್ಲರೂ
ನನ್ನ ಕಪಾಟು ತೆರೆದು ನೋಡುತ್ತಾರೆ.

ಇದೇನು ನಮಗೆ ಹೊಸತೆ?
ದಡದಲ್ಲಿ ಬೂತಾಯಿ,
ಬುಟ್ಟಿ ಎರಡು ಮನೆ ದಾಟುವಷ್ಟರಲ್ಲಿ ಮತ್ತಿ,
ಕೊಂಕಣಿಯವರ ಜಗಲಿಗೆ ಇಳಿದಾಗ ತಾರ್ಲೆ.
ಮೀನು ಅದೇ ಕಣ್ಣು ಬಿಟ್ಟುಕೊಂಡು ಎಲ್ಲ ಕೇಳುತ್ತಿರುತ್ತದೆ.
ನನ್ನಲ್ಲಿ ಅದಕ್ಕೊಂದು ಗುರುತಿನ ಸಂಖ್ಯೆ.
ಹೆಸರು ಬದಲಾಗಲಿ, ಇದು ಬದಲಾಗಕೂಡದು.
ನಮ್ಮ ಸ್ಟಾಪಿನ ಬೋರ್ಡಿನಲ್ಲಿ ಊರಿನ ಹೆಸರಿಗೊಂದು 'ಮ್' ಅಂಟಿದ ವರ್ಷ
ನಾನು ಏಳನೇ ಕ್ಲಾಸು.
ಬಸ್ಸು ನಿಂತದ್ದು ಅಲ್ಲಿಯೇ.

ಕುಂಭ ತಿಂಗಳ ಒಂದು ಶುಕ್ರವಾರ ಕಪಾಟು ಗುಡಿಸಿದೆ.
'ತೂಕ', ಆವೃತ್ತಿ ಒಂದು.
ಬರೆದವರು ವಾಮನ ಬೆಳ್ಚಡರು,
ನಾನು ಸೇರುವ ಮೊದಲೇ ನಿವೃತ್ತರು.
ಬುಟ್ಟಿ ಕೊಟ್ಟರೆ ಒಂದು ಸಂಖ್ಯೆ ಕೊಡುತ್ತದೆ,
ಕಿಲೋವೋ ರಾತಲೋ ಹೇಳುವುದಿಲ್ಲ.
ಆವೃತ್ತಿ ಎರಡು ನನ್ನದು:
ಕಿಲೋ, ಗ್ರಾಂ, ಗಳಿಗೆ, ತೂಗಿದವರ ಸಹಿ.
ಅದು ಬಂದು ಮೂರು ವರ್ಷ. ಹಳೆಯದನ್ನು ಇನ್ನು ಯಾರು ಓದುತ್ತಾರೆ?
ಕಪಾಟಿಗೆ ಗೊತ್ತಿಲ್ಲ.
ಅದು ಬಂದವರಿಗೆ ತೋರಿಸುತ್ತದೆ,
ಬಂದವರ ಹೆಸರು ಬರೆದಿಡುವುದಿಲ್ಲ.
'ಖಚಿತವೇ?' ಎಂದು ಕೇಳಿತು.
ಖಚಿತ, ಎಂದೆ.

ಬೆಳಗ್ಗೆ ನಾಲ್ಕಕ್ಕೆ ಫೋನು. ಕಡಪ್ಪುರದಿಂದ ಅಂಬಾಡಿ.
ಹಿಂದೆ ಗಾಳಿ, ದೋಣಿ ಎಳೆಯುವವರ ಕೂಗು.
"ಮೇಡಂ, ತೂಕ ಅಂತ ಒಂದು ಇಲ್ಲವೇ ಇಲ್ಲ ಅಂತ ಹೇಳ್ತದೆ."
"ತಕ್ಕಡಿ ಸರಿ ಉಂಟಾ?"
"ತಕ್ಕಡಿ ಕಣ್ಣೆದುರೇ ಉಂಟು. ಮೀನೂ ಉಂಟು.
ತೂಕ ಮಾತ್ರ ಇಲ್ಲ."

ಹದಿನೇಳು ದೋಣಿ.
ಸ್ಕೂಟರು, ಕತ್ತಲೆ, ಕಾವಲಿನವನ ಆಕಳಿಕೆ,
ಗುರುವಾರದ ಬ್ಯಾಕಪ್ಪು.
ಒಟ್ಟಿಗೆ ತಂದು ಸುರಿಯುವಂತಿಲ್ಲ:
ಮೊದಲು 'ಮೀನು', ಅದರ ಹೆಗಲ ಮೇಲೆ 'ಬುಟ್ಟಿ',
ಬುಟ್ಟಿ ಬಂದ ಮೇಲೆಯೇ 'ತೂಕ'.
ಆಗ ಕಂಡದ್ದು, ಯಂತ್ರ ಓದದೆ ದಾಟುವ ಸಾಲಿನಲ್ಲಿ
ಬೆಳ್ಚಡರ ಟಿಪ್ಪಣಿ:
'ಬುಟ್ಟಿ ಎಂದರೆ, ಹೆಂಗಸೊಬ್ಬಳು ತಲೆಯಲ್ಲಿ ಹೊತ್ತು
ಬಸ್ ಸ್ಟಾಪಿನ ತನಕ ಇಳಿಸದೆ ನಡೆಯಬಲ್ಲಷ್ಟು.
ಕಿಲೋ ಕೇಳಿದರೆ ಅವಳನ್ನು ಕೇಳಿ.'

ನನ್ನ ಆವೃತ್ತಿಯಲ್ಲಿ ಅವಳಿಲ್ಲ.
ಸಹಿಗೆ ಜಾಗವಿದೆ, ತಲೆಗೆ ಇಲ್ಲ.

ಹಳೆಯದಕ್ಕೆ ಬೀಗ ಹಾಕಿದೆ,
ಅಳಿಸುವ ಅಧಿಕಾರದ ಪಟ್ಟಿಯಿಂದ
ನನ್ನ ಹೆಸರನ್ನೇ ತೆಗೆದೆ.
ಎ.ಸಿ.ಯ ಕೆಳಗಿನ ಬಕೆಟ್ಟು ತುಂಬಿತ್ತು, ಚೆಲ್ಲಿ ಬಂದೆ.

ಐದೂಕಾಲಿಗೆ ಅಂಬಾಡಿಯ ಫೋನು ಒಂದೇ ಸಲ ರಿಂಗಾಗಿ ನಿಂತಿತು.
ಎತ್ತಲಿಲ್ಲ.
ಒಂದು ರಿಂಗೆಂದರೆ ಆಯಿತು ಎಂದರ್ಥ, ಎರಡೆಂದರೆ ಬಾ ಎಂದು.
ಯಾವಾಗ ಒಪ್ಪಿಕೊಂಡೆವೋ ನೆನಪಿಲ್ಲ,
ಯಾವ ಕಪಾಟಿನಲ್ಲೂ ಅದು ಇಲ್ಲ.