ನೂರೈವತ್ತು ದಿರ್ಹಮಿಗೆ

ಗುಲಾಬಿ ಚೀಲದ ಹಳೇ ರ‍್ಯಾಮ್ ಕಡ್ಡಿ ತೆಗೆದು
ಅದರ ಚಿನ್ನದ ಹಲ್ಲುಗಳನ್ನು
ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜುತ್ತಿದ್ದೆ.
ಬಾಬಿಕರ್ ಬಂದ, ಟೈಪಿಂಗ್ ಸೆಂಟರಿನವ,
ದಿನವಿಡೀ ಬೇರೆಯವರ ವೀಸಾ ಅರ್ಜಿ ತುಂಬುವವ.
ಕಂಕುಳಲ್ಲಿ ಒಂದು ಮುದಿ ಲ್ಯಾಪ್‌ಟಾಪು,
ಕಿಸೆಯಲ್ಲಿ ನೂರೈವತ್ತು ದಿರ್ಹಮು.

"ಮೆಮೊರಿ ಹಾಕು."
ಯಾವುದು ಮಾರಾಯ?
ಬುರ್ ದುಬೈಯ ಈ ಬೀದಿಯಲ್ಲಿ
ಅದಕ್ಕೂ ಬಾಡಿಗೆಯದ್ದೇ ಲೆಕ್ಕ.
ಕ್ಯಾಶ್ ಅಂತ ಒಂದಿದೆ, ದುಡ್ಡಲ್ಲ,
ಪ್ರೊಸೆಸರಿನ ಮಗ್ಗುಲಲ್ಲೇ ಮಲಗುವಂಥದ್ದು,
ನನ್ನ ಅಂಗಿ ಕಿಸೆ ಇದ್ದಹಾಗೆ: ನಾಕು ಸ್ಕ್ರೂಗೆ ತುಂಬಿತು,
ಆದರೆ ಕೈ ಹಾಕಿದ್ದೇ ಸಿಕ್ಕಿತು.
ರ‍್ಯಾಮು ಈ ಗಾಜಿನ ಕೌಂಟರು,
ರಾತ್ರಿ ಷಟರ್ ಎಳೆದರೆ ಗುಡಿಸಿ ಖಾಲಿ.
ಎಸ್‌ಎಸ್‌ಡಿ ಬೆನ್ನ ಹಿಂದಿನ ಕಪಾಟು.
ಹಾರ್ಡ್ ಡಿಸ್ಕೋ, ಸಜ್ಜಾದ ಗೋಡೌನು,
ಅಗ್ಗ, ಅಗಲ,
ಒಂದು ಕೇಬಲ್ಲಿಗೂ ಪಿಕಪ್ ಹೋಗಿ ಬರಬೇಕು.

ಅವನು ನಕ್ಕ. "ನೀನೆಲ್ಲಿ ಮಲಗುವುದು?"
ಶಾರ್ಜಾ. ರೋಲಾ. ಮೇಲಿನ ಬಂಕು.
ತಿಂಗಳಿಗೆ ನಾನೂರು ಉಳಿತಾಯ,
ದಿನಕ್ಕೆ ಮೂರು ಗಂಟೆ ಬಸ್ಸಿಗೆ.
"ಹಾಗಾದರೆ ನೀನೂ ಗೋಡೌನಿನ ಮಾಲೇ."

ಎರಡನ್ನೂ ಮುಂದಿಟ್ಟೆ, ಎರಡಕ್ಕೂ ನೂರ ನಲವತ್ತು.
ನೂರಿಪ್ಪತ್ತು ಜಿಬಿಯ ಮೂಕ, ಚುರುಕು;
ಸಾವಿರ ಜಿಬಿಯ ಗೊಣಗುವ ಮುದುಕ.
ಇದನ್ನು ತಗೋ, ಇಪ್ಪತ್ತು ಸೆಕೆಂಡಿಗೆ ಏಳುತ್ತದೆ,
ಅದು ಏಳುವಷ್ಟರಲ್ಲಿ ಒಂದು ಸುಲೈಮಾನಿ ಕುಡಿದು
ಲೋಟ ತೊಳೆದಿಡಬಹುದು...

ಬಾಬಿಕರ್ ಬೆರಳು ಮಡಚುತ್ತಿದ್ದ.
ಇದು ಪೋರ್ಟ್ ಸುಡಾನಿಗೆ, ತಂಗಿಗೆ, ಎಂದ.
ಊರು ಬಿಟ್ಟು ಬಂದವರ ಕಾಗದವೆಲ್ಲ
ಅವಳೇ ಫೋಟೊ ಹೊಡೆದಿಡುತ್ತಾಳಂತೆ:
ಮನೆಪತ್ರ, ಮಾರ್ಕ್ಸ್‌ಕಾರ್ಡು, ನಿಕಾಹಿನ ಸಹಿ,
ಯಾರದೋ ಎಮ್ಮೆಗಾತ್ರದ ಎಕ್ಸ್‌ರೇ.
ಕರೆಂಟು ದಿನಕ್ಕೆ ಎರಡು ಗಂಟೆ.

ಎರಡೇ ಗಂಟೆ ಅಂದಮೇಲೆ ವೇಗದ್ದೇ ಬೇಕಲ್ಲ!
ನನ್ನ ಲೆಕ್ಕ ಸರಿಯಾಗೇ ಇತ್ತು.

"ಯಾರದ್ದು ಅಳಿಸಲಿ?" ಎಂದ.

ಮುದುಕನನ್ನೇ ಕೂರಿಸಿ ಸ್ಕ್ರೂ ಬಿಗಿದೆ.
ಉಜ್ಜಿದ ಕಡ್ಡಿಯನ್ನೂ ಒಳಗೆ ಒತ್ತಿ
ಹದಿನೈದು ಕೇಳಿದೆ. ಉಳಿದದ್ದು ಹತ್ತು, ಕೊಟ್ಟ.
ಬಟನ್ ಒತ್ತಿ ಕಾದೆವು.
ಒಳಗೇನೋ ಗರಗರ, ಆಮೇಲೆ ಟಿಕ್,
ಮತ್ತೆ ಗರಗರ.
ಹೊರಗೆ ರಾತ್ರಿಯೂ ಮೂವತ್ತೆಂಟು ಡಿಗ್ರಿ,
ನನ್ನ ಒಂಬತ್ತರ ಬಸ್ಸು ಹೊರಟೇಹೋಯಿತು.
ಅದಿನ್ನೂ ಏಳುತ್ತಲೇ ಇತ್ತು.