ದಿನಕ್ಕೆ ಎರಡು ಉಗುರು

ಸೋಮವಾರ ಬಲಗೈ ಹೆಬ್ಬೆರಳು, ತೋರುಬೆರಳು.
ಮಂಗಳವಾರ ಪಕ್ಕದ ಎರಡು.
ಹೀಗೆ ಶುಕ್ರವಾರಕ್ಕೆ ಹತ್ತು ಮುಗಿಯುವ ಹೊತ್ತಿಗೆ
ಸೋಮವಾರದವು ಮತ್ತೆ ಬೆಳೆಯಲು ಹೊರಟಿರುತ್ತವೆ.

ತಮ್ಮ ಅನ್ಸೆಲ್ಮೊಗೆ ಮೂವತ್ತೆಂಟು.
ಕತ್ತರಿಯ ಟಿಕ್ ಅವನಿಗೆ ಎಲ್ಲಿ ತಾಗುತ್ತದೋ
ಅವನು ಹೇಳಿಲ್ಲ, ಏನನ್ನೂ ಹೇಳಿಲ್ಲ ಈವರೆಗೆ.
ಹಲ್ಲಿನ ಬುಡದಲ್ಲಿ ಎಂದು ನನ್ನ ಊಹೆ.
ನನಗೆ ಅಲ್ಲೇ ತಾಗುತ್ತದೆ.

ವಾಲ್ಪರಾಯಿಸೊದ ಈ ಗುಡ್ಡದಲ್ಲಿ ಮನೆಗಳು
ಒಂದರ ಹೆಗಲ ಮೇಲೊಂದು ಕಾಲಿಟ್ಟು ಕಡಲು ನೋಡುತ್ತವೆ.
ಗುರುವಾರ ಹತ್ತೂವರೆಗೆ ಗ್ಯಾಸಿನವನು
ಸಿಲಿಂಡರಿಗೆ ಕಬ್ಬಿಣ ಬಡಿಯುತ್ತ ಏರಿ ಬರುತ್ತಾನೆ.
ಹತ್ತೂಇಪ್ಪತ್ತಕ್ಕೇ ನಾವಿಬ್ಬರೂ ಬಚ್ಚಲು ಸೇರಿ
ನಲ್ಲಿ ಬಿಟ್ಟು ಕೂರುತ್ತೇವೆ.
ಅವನು ಕಿವಿ ಮುಚ್ಚಿಕೊಂಡು,
ನಾನು, ಇದೆಲ್ಲ ಅವನಿಗಾಗಿ ಎಂದುಕೊಂಡು.
ಎಷ್ಟು ವರ್ಷ ಹಾಗೆ ಅಂದುಕೊಂಡಿದ್ದೆ!

ಅವನ ಗುರುತುಚೀಟಿ ಹೊಸದು ಮಾಡಿಸಲು ಹೋದ ದಿನ
ಡಾಕ್ಟರಮ್ಮನಿಗೆ ಹೇಳಿದೆ, ಅವಳ ಮುಖ ಬಿಟ್ಟು ಕಿಟಕಿಯ ಹಿಡಿಕೆ ನೋಡುತ್ತ:
ನಾಲ್ಕನೇ ಪುಟದ ಪ್ರಶ್ನೆಯೇ ಏಳರಲ್ಲೂ ಇದೆ,
ಬಟ್ಟೆ ಮಾತ್ರ ಬದಲಿಸಿಕೊಂಡಿದೆ.
ಅವಳು ಪೆನ್ನು ಕೆಳಗಿಟ್ಟಳು.
"ಮತ್ತೆ ನೀವು, ಸೆನ್ಯೋರಾ ಎಲ್ಸಿರಾ?"
ನಲವತ್ತಮೂರು ವರ್ಷದಲ್ಲಿ
ಯಾರೂ ಕೇಳಿರಲಿಲ್ಲ, ಮತ್ತೆ ನೀವು ಎಂದು.

ಈಗ ಮೇಜಿನ ಮೇಲೆ ಎರಡು ಅರ್ಜಿ.
ಸ್ವಂತ ಸ್ನಾನ ಮಾಡುವರೇ?
ಅವನು: ಇಲ್ಲ.
ನಾನು: ಹೌದು.
ರೇಡಿಯೊ ಹಾಕಿದ ಬಸ್ಸಿನಲ್ಲಿ ಬಂದ ಮೇಲೆ
ಎರಡು ದಿನ ಗೋಡೆಗೆ ಮುಖ ಮಾಡಿ ಮಲಗುವುದಕ್ಕೆ
ಅರ್ಜಿಯಲ್ಲಿ ಚೌಕವಿಲ್ಲ.

ಇವತ್ತು ಬುಧವಾರ, ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸಭೆ.
ಮಿಯ್ಯಾರಾಯ್, ಇಪ್ಪತ್ತೆರಡರ ಹುಡುಗಿ, ನಿಂತು ಹೇಳಿದಳು:
"ಏರುಬಂಡಿ ಓಡುವ ದಿನ
ಅಜ್ಜಿಯ ಮೊಣಕಾಲು ಬರೀ ಮೊಣಕಾಲು.
ಬಂಡಿ ಕೆಟ್ಟ ದಿನ ಅದೇ ಕಾಲು ಊನ.
ಹಾಗಾದರೆ ಊನ ಯಾರದ್ದು, ಅಜ್ಜಿಯದೋ ಬಂಡಿಯದೋ?
ನಾವು ಬೇರೆ. ಅಷ್ಟೇ."

ಅಲ್ಲಿ ಚಪ್ಪಾಳೆ ಇಲ್ಲ, ಕೈ ಮೇಲೆತ್ತಿ ಬೆರಳು ಅಲ್ಲಾಡಿಸುತ್ತಾರೆ.
ಸದ್ದಿಲ್ಲದ ಮೆಚ್ಚುಗೆ ತುಂಬಿದ ಕೋಣೆ,
ಮೊದಲ ಸಲ ನನ್ನ ಭುಜ ಕಿವಿಯಿಂದ ಕೆಳಗಿಳಿಯಿತು.
ನಾನೂ ಎತ್ತಿದೆ.

ಹಿಂದಿನ ಸಾಲಿನಿಂದ ದೋನ್ ರೆಮಿಹಿಯೊ,
ಟೋಪಿ ಕೈಯಲ್ಲಿ ಹಿಂಡುತ್ತ:
"ಬಂಡಿ ಓಡಿದರೂ ಮೊಣಕಾಲು ನೋಯುತ್ತದೆ, ಮಗಳೇ.
ನನ್ನ ಹುಡುಗ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ.
ಬೇರೆ ಅಷ್ಟೇ ಅಂತ
ಬಂದು ಆ ಗೋಡೆಗೆ ಹೇಳು."

ಎತ್ತಿದ ಕೈಗಳು ಒಂದೊಂದೇ ಇಳಿದವು.
ನನ್ನದು ಅರ್ಧದಲ್ಲಿ ನಿಂತಿತು,
ಮೇಲಕ್ಕೂ ಸಲ್ಲದೆ, ಕೆಳಕ್ಕೂ ಸಲ್ಲದೆ.
ಒಂದೇ ಬಳ್ಳಿಯ ಎರಡು ಕಾಯಿ ನಾವು, ಅಕ್ಕ ತಮ್ಮ.
ಒಂದನ್ನು ಬೇರೆ ಎಂದು ಬುಟ್ಟಿಗೆ ಹಾಕಿ
ಇನ್ನೊಂದನ್ನು ಊನವೆಂದು ಎಸೆಯುವ ತಕ್ಕಡಿ
ಯಾರ ಅಂಗಡಿಯದು?

ಹೊರಗೆ ಬರುವಾಗ ಯಾರೋ ಕೇಳಿದರು, ಒಳ್ಳೆಯ ಮನಸ್ಸಿನಿಂದಲೇ:
ನಿಮ್ಮ ತಮ್ಮನಿಗೆ ಏನಾದರೂ ವಿಶೇಷ ಬರುತ್ತದೆಯೇ?
ಲೆಕ್ಕ? ಪಿಯಾನೊ?
ಇಲ್ಲ.
ಬಾಟಲಿಯ ನೀಲಿ ಮುಚ್ಚಳ ಅಂದರೆ ಇಷ್ಟ.
ಹಸಿರಾದರೆ ಆಗದು.
ಇಷ್ಟು ಸಾಲದೇ ಒಬ್ಬ ಮನುಷ್ಯ ಇರುವುದಕ್ಕೆ?

ಮನೆಗೆ ಬಂದು ದೀಪ ತಗ್ಗಿಸಿದೆ.
ಬಲಗೈ ಕಿರುಬೆರಳು. ಟಿಕ್.
ಅವನು ಕೂಗಿದ, ನಾನು ಕಾದೆ, ಒಂಬತ್ತಾಯಿತು.
ಎಡಗೈ ಹೆಬ್ಬೆರಳು. ಟಿಕ್.
ಆಮೇಲೆ ಎಂದೂ ಮಾಡದ ಒಂದು ಮಾಡಿದ.
ನನ್ನ ಕೈ ಹಿಡಿದು, ತಿರುಗಿಸಿ,
ಒಂದೊಂದೇ ಬೆರಳ ತುದಿ ಮುಟ್ಟಿ ನೋಡಿದ.
ಚಿಕ್ಕಂದಿನಿಂದ ಬಾಯೊಳಗೇ ಕಚ್ಚಿ ಕಚ್ಚಿ
ಉಗುರೇ ಉಳಿಯದ ಹತ್ತು ಬೆರಳು.
ಕತ್ತರಿಸಲು ಏನೂ ಇಲ್ಲ.

ಕೈ ಬಿಟ್ಟು ಮುಚ್ಚಳಗಳತ್ತ ಹೋದ.

ನಾಳೆ ತೋರುಬೆರಳು, ನಡುಬೆರಳು.
ಹತ್ತೂವರೆಗೆ ಗ್ಯಾಸಿನವನು.