ಬುಧವಾರ, ಹನ್ನೊಂದೂವರೆಗೆ

ದುನ್ ಆಂಜ್ಲು ಪಾದ್ರಿ ದಿನಚರಿ ತಿರುವಿ ಹೇಳಿದರು:
ಶನಿವಾರಗಳೆಲ್ಲ ಎಳೆಯರಿಗೆ ಹೋಗಿವೆ.
ಬುಧವಾರ, ಹನ್ನೊಂದೂವರೆಗೆ, ಪಕ್ಕದ ಪೀಠದಲ್ಲಿ,
ಆಗಬಹುದಾ ಸಾಲ್ವಿನಾ?
ಆಗಬಹುದು ಅಂದೆ.
ಐವತ್ತೊಂದರ ಮದುವೆಗೆ ಬುಧವಾರವೇ ಸಾಕು.
ಮೀನಿನ ಗಾಡಿ ಅಷ್ಟೊತ್ತಿಗೆ ಬಂದುಹೋಗಿರುತ್ತದೆ.

ಕಾಗದ ಬಂದದ್ದು ಮಾರ್ಚಿನಲ್ಲಿ.
ನಾಲ್ಕು ವರ್ಷದ ಪ್ರಶ್ನೆಗಳು,
ಅಕ್ಕನ ಸಾಕ್ಷಿ, ನೆರೆಮನೆ ಚೆನ್ಸಾಳ ಸಾಕ್ಷಿ,
ಮೆಲ್ಬರ್ನಿನಿಂದ ಅವನು ಬರೆದ ಒಂದೂವರೆ ಸಾಲು.
ಗೋಜೊ ದ್ವೀಪದ ಬಂಡೆಗುಳಿಗಳಲ್ಲಿ ಕಡಲು ಬತ್ತುವ ಹಾಗೆ
ಎಲ್ಲ ಬತ್ತಿ ಕೊನೆಗೆ ಉಳಿದ ಉಪ್ಪು ಇಷ್ಟು:
ಆ ಮದುವೆ ಅಸಿಂಧು.
ಮುರಿದದ್ದಲ್ಲ,
ಆಗಿಯೇ ಇರಲಿಲ್ಲ.

ಸರ್ಕಾರ ಅದಕ್ಕೂ ಮೊದಲೇ ವಿಚ್ಛೇದನ ಕೊಟ್ಟಿತ್ತು.
ಅವರ ಲೆಕ್ಕದಲ್ಲಿ ಆಗಿತ್ತು, ಮುಗಿದಿದೆ.
ನಮ್ಮೂರ ಇಗರ್ಜಿಯ ನೆತ್ತಿಯಲ್ಲಿ ಎರಡು ಗಡಿಯಾರ.
ಒಂದು ನಿಜದ ಹೊತ್ತು ತೋರುತ್ತದೆ.
ಇನ್ನೊಂದು, ಸೈತಾನನ ಲೆಕ್ಕ ತಪ್ಪಲೆಂದು, ಸುಳ್ಳಿನದು.
ಯಾವುದು ಯಾವುದೆಂದು ಕೇಳಿದರೆ
ಈಗ ನಾನೂ ಸ್ವಲ್ಪ ತಡೆದು ಹೇಳಬೇಕು.

ಆಗಿರದ ಆ ಮದುವೆಗೆ ಇನ್ನೂರು ಜನ ಬಂದಿದ್ದರು.
ದೋಣಿಯ ಸಾಲಕ್ಕೆಂದು ತೆಗೆದಿಟ್ಟ ದುಡ್ಡಲ್ಲಿ
ಅಪ್ಪ ಬ್ಯಾಂಡು ಕರೆಸಿದ್ದ.
ಅಜ್ಜಿ ಆರು ತಿಂಗಳು ಬಾಗಿಲಲ್ಲಿ ಕೂತು ಹೆಣೆದ ಲೇಸು
ಇಪ್ಪತ್ತಮೂರರ ನನ್ನ ಕೊರಳನ್ನು ಕೊರೆಯುತ್ತಿತ್ತು.
ಆಗಿರದ ಮದುವೆಯಿಂದ ಆಗಿ ಬಂದವಳು
ನನ್ನ ಮರ್ತೀಸ್.
ಟೊಮೆಟೊ ಹೆಚ್ಚುತ್ತ, ತಲೆ ಎತ್ತದೆ ಕೇಳಿದಳು:
ಹಾಗಾದರೆ ನಾನು?
ಮಕ್ಕಳಿಗೆ ಅದು ತಟ್ಟುವುದಿಲ್ಲ, ಕಟ್ಟಳೆಯಲ್ಲೇ ಇದೆ,
ಪಾದ್ರಿ ಹೇಳಿದ್ದನ್ನೇ ಹೇಳಿದೆ.
ನಿಂತಿದ್ದ ಚಾಕು ಮತ್ತೆ ಹೊರಟಿತು.
ಉತ್ತರ ಸರಿಯಾಗಿತ್ತು,
ಅವಳ ಪ್ರಶ್ನೆಯದಾಗಿರಲಿಲ್ಲ.

ನಿನಗೆಷ್ಟು ಸುಲಭ, ನಾರ್ದು.
ನಿನ್ನದು ಮರಣದಲ್ಲಿ ಮುಗಿಯಿತು, ಪುರಾವೆ ಒಂದೇ ಹಾಳೆ.
ಭಾನುವಾರ ರೊಮಿಲ್ದಾಳ ಗೋರಿಗೆ ಹೋಗುತ್ತೀಯ,
ನಾನೂ ಬಂದು ಹೂದಾನಿ ತೊಳೆದುಕೊಡುತ್ತೇನೆ.
ಇಲ್ಲದ್ದಕ್ಕೆ ಹೂವಿಡುವುದು ಎಲ್ಲಿ, ಹೇಳು.

ಕರೆಂಟು ಬಿಲ್ಲಿನ ಹಿಂಬದಿಗೆ ಪಟ್ಟಿ ಬರೆಯುತ್ತಿದ್ದೇನೆ.
ಬಿಳಿ ಬೇಡ. ಕಡುನೀಲಿ, ತೋಳು ಮೊಣಕೈವರೆಗೆ.
ಮುಸುಕು: ಅಮ್ಮ ಬೇಡ ಅಂದಳು, ಆಮೇಲೆ ಬೇಕು ಅಂದಳು,
ಆಮೇಲೆ ನಿನ್ನಿಷ್ಟ ಅಂದಳು, ಅಂದರೆ ಬೇಕು.
ಹಾಡು ಎರಡೇ. ಆರ್ಗನ್ನಿನ ಇಂದ್ರಿ
ಫೆರ್ರಿಯ ಕೆಲಸಕ್ಕೆ ಅರ್ಧ ದಿನ ರಜೆ ಹಾಕುತ್ತಾನಂತೆ.
ಅಪ್ಪನಿಲ್ಲ, ಕೈ ಹಿಡಿದು ಒಳಗೆ ಕರೆತರುವವರು ಯಾರು?
ಒಬ್ಬಳೇ ಬರುತ್ತೇನೆ. ದಾರಿ ಗೊತ್ತಿದೆ.
ಜನ ಹದಿನಾಲ್ಕು. ಚೆನ್ಸಾಳನ್ನು ಬಿಟ್ಟರೆ ಹದಿಮೂರು,
ಬಿಡುವಂತಿಲ್ಲ.
ಅವತ್ತು ಬೆಳಗ್ಗೆ ಬಚ್ಚಲಲ್ಲಿ ನಾನು ಅತ್ತದ್ದನ್ನು
ಯಾರೋ ಕೇಳುವವರೆಗೆ, ಇಪ್ಪತ್ತೈದು ವರ್ಷ,
ಬಾಯಲ್ಲೇ ಇಟ್ಟುಕೊಂಡಿದ್ದವಳು.

ಬಲವಂತವಿಲ್ಲದೆ, ಪೂರ್ಣ ಮನಸ್ಸಿನಿಂದ ಬಂದಿದ್ದೀರಾ,
ಎಂದು ಕೇಳುತ್ತಾರೆ.
ಅಂದೂ ಇದನ್ನೇ ಕೇಳಿದ್ದರು. ಹೌದು ಅಂದಿದ್ದೆ.
ಆ ಹೌದನ್ನು ನ್ಯಾಯಪೀಠದವರು ಹುಡುಕಿದರು,
ಸಿಗಲಿಲ್ಲವಂತೆ.
ನನಗೆ ಸಿಕ್ಕಿದೆ. ನಿನಗೊಬ್ಬನಿಗೇ ಹೇಳುತ್ತಿದ್ದೇನೆ:
ಸಣ್ಣದು, ಹೆದರಿ ಮುದುಡಿದ್ದು,
ಆದರೂ ನಿಜದ್ದೇ.
ಅದನ್ನು ಕೊಂದು ನಿನ್ನ ಹತ್ತಿರ ಬರಲಾರೆ, ನಾರ್ದು.
ಎತ್ತಿಕೊಂಡು ಬರುತ್ತೇನೆ, ಜಾಗ ಮಾಡು.

ನಿನ್ನೆ ರಾತ್ರಿ ಮರ್ತೀಸ್ ಬಂದಳು.
ಮೊದಲ ವಾಚನ ಎಂದು ಬರೆದು
ನಾನು ಖಾಲಿ ಬಿಟ್ಟಿದ್ದ ಕಡೆ
ತನ್ನ ಹೆಸರು ಹಾಕಿದಳು,
ತಂದೆಯ ಮನೆತನದ ಹೆಸರೂ ಸೇರಿಸಿ, ಪೂರ್ತಿ.
ಒತ್ತಿ ಬರೆದಳು.
ಬಿಲ್ಲಿನ ಆಚೆ ಬದಿ, ಮೊತ್ತದ ಮೇಲೆ, ಉಬ್ಬಿ ಕಾಣುತ್ತಿದೆ.

ದುಡ್ಡು ಕಟ್ಟಲು ಶುಕ್ರವಾರ ಕೊನೆಯ ದಿನ.
ಪಟ್ಟಿಯನ್ನು ಬೇರೆ ಹಾಳೆಗೆ ಇಳಿಸಬೇಕು,
ಅವಳ ಹೆಸರು ಇದ್ದ ಹಾಗೇ.